ತೆರವಾದ ಸಾಲು, ಸೇರಿದ ಪದ್ಯ

ಹಗರೆಯಲ್ಲಿ ಹಾಸನ–ಬೇಲೂರು ರಸ್ತೆಯನ್ನು ಬಿಟ್ಟು ತಿರುಗಿದರೆ ಸಿಗುವ ಹಳೇಬೀಡು, ಅಂದಿನ ದೋರಸಮುದ್ರ, ಶಿಲ್ಪಕ್ಕೆ ಮಾತ್ರ ಹೆಸರಾಗಿರುವುದು ನ್ಯಾಯವಲ್ಲ. ಹೊಯ್ಸಳ ಸೋಮೇಶ್ವರನ ಆಶ್ರಯದಲ್ಲಿ ಸುಮಾರು 1245ರಲ್ಲಿ ಮಲ್ಲಿಕಾರ್ಜುನನು ‘ಸೂಕ್ತಿಸುಧಾರ್ಣವ’ವನ್ನು ಸಂಕಲಿಸಿದನು. ಈತ ಜನ್ನನ ಬಂಧು. ‘ಶಬ್ದಮಣಿದರ್ಪಣ’ದ ಕೇಶಿರಾಜನ ತಂದೆ. ಪೂರ್ವಕವಿಗಳ ಪದ್ಯಗಳನ್ನು ಆಯ್ದು, ಸಮುದ್ರ, ಪರ್ವತ, ಋತು, ಚಂದ್ರೋದಯ ಮೊದಲಾದ ಹದಿನೆಂಟು ವರ್ಣನೆಗಳ ಅಡಿಯಲ್ಲಿ ಜೋಡಿಸಿದ್ದು ಅವನ ಕ್ರಮ.

ಆಯ್ಕೆಯ ರುಚಿ ದೊಡ್ಡದು. ಆದರೆ ಪದ್ಯಗಳಿಗೆ ಕವಿಯ ಹೆಸರಿಲ್ಲ. ಮೂಲಕಾವ್ಯ ಉಳಿದಿರುವಲ್ಲಿ ಪದ್ಯ ಯಾರದೆಂದು ಹೇಳಬಹುದು. ಉಳಿಯದಿರುವಲ್ಲಿ ಊಹೆಯೇ ಗತಿ. ಮುಂದಿನವರು ಇದರೊಳಗೆ ತಮ್ಮ ಪದ್ಯಗಳನ್ನು ಸೇರಿಸಿರುವುದನ್ನೂ ವಿದ್ವಾಂಸರು ಗುರುತಿಸಿದ್ದಾರೆ. ಸೋಜಿಗವೇನಿಲ್ಲ: ಹದಿನೆಂಟು ಕೋಣೆಗಳ ಮನೆಯಲ್ಲಿ ಬರಿದಾಗಿ ಕಾಣುವ ಕೋಣೆ ಯಾರನ್ನಾದರೂ ಕರೆಯುತ್ತದೆ. ಸೇರಿಸಿದ್ದರಲ್ಲಿ ದೋಷವಿಲ್ಲ. ಹೆಸರಿಲ್ಲದವುಗಳ ನಡುವೆ ಹೆಸರಿಲ್ಲದೆ ಸೇರಿದ್ದರಿಂದ ಹಳೆಯದರ ಸಾಕ್ಷ್ಯವೂ ಮಸುಕಾಯಿತು.

ಕೀರ್ತನೆಗಳ ಗ್ರಂಥವನ್ನು ಬೋಧಿಸುವವರಿಗೆ ಈ ತೊಡಕು ಹೊಸದಲ್ಲ. 145ನೆಯ ಕೀರ್ತನೆ ಇಬ್ರಿಯ ಅಕ್ಷರಮಾಲೆಯ ಕ್ರಮದಲ್ಲಿ ಸಾಗುತ್ತದೆ. ಆದರೆ ಮಸೋರಾ ಪಾಠದಲ್ಲಿ 22 ಅಕ್ಷರಗಳ ಪೈಕಿ ‘ನೂನ್’ಗೆ ಮಾತ್ರ ಸಾಲಿಲ್ಲ. ಗ್ರೀಕ್ ಸೆಪ್ಟುವಜಿಂಟಿನಲ್ಲಿ, ಸಿರಿಯಾಕ್ ಭಾಷಾಂತರದಲ್ಲಿ, 1956ರಲ್ಲಿ ಕುಮ್ರಾನಿನ 11ನೆಯ ಗವಿಯಲ್ಲಿ ದೊರೆತ ಸುರುಳಿಯಲ್ಲಿ ಆ ಸಾಲು ಇದೆ. ಕಳೆದುಹೋದದ್ದು ಸಿಕ್ಕಿತೆಂದು ಹಿಗ್ಗುವವರು 17ನೆಯ ವಚನವನ್ನು ಪಕ್ಕದಲ್ಲಿಟ್ಟು ನೋಡಬೇಕು: ಒಂದೆರಡು ಪದ ಬದಲಿಸಿದರೆ ಎರಡೂ ಹೆಚ್ಚುಕಡಿಮೆ ಒಂದೇ. ತೆರವನ್ನು ಕಂಡ ಭಕ್ತನೊಬ್ಬ ಕೈಗೆಟುಕಿದ ಮಾತಿನಿಂದ ಅದನ್ನು ಮುಚ್ಚಿದನೆಂಬುದೇ ನನ್ನ ಒಲವು, ಒಪ್ಪದವರೂ ಅನೇಕರಿದ್ದಾರೆ.

ತಾಲ್ಮೂದಿನ ರಬ್ಬಿಗಳ ಮುಂದೆ ಆ ಸಾಲು ಇರಲಿಲ್ಲ. ಅವರು ಇಲ್ಲದಿರುವುದನ್ನೇ ಓದಿದರು. ಇಸ್ರಾಯೇಲಿನ ಪತನವನ್ನು ಸಾರುವ ಆಮೋಸ 5:2 ‘ನೂನ್’ನಿಂದ ಆರಂಭವಾಗುವುದರಿಂದ ದಾವೀದನು ಆ ಅಕ್ಷರವನ್ನು ಬಿಟ್ಟನಂತೆ, ಆದರೂ ಮುಂದಿನ ವಚನದಲ್ಲೇ ಬಿದ್ದವರನ್ನು ದೇವರು ಆಧರಿಸುವ ಮಾತನ್ನು ಇಟ್ಟನಂತೆ. ಪಾಠವಿಮರ್ಶೆಯ ದೃಷ್ಟಿಯಲ್ಲಿ ಇದು ನಿಲ್ಲಲಾರದು, ನಿಜ. ಆದರೆ ಬಿದ್ದ ಜನರ ಮುಂದೆ ನಿಂತು ಬೋಧಿಸುವವನಿಗೆ ಇದಕ್ಕಿಂತ ಹಿರಿದಾದ ವ್ಯಾಖ್ಯಾನ ಆ ಕೀರ್ತನೆಗೆ ಸಿಕ್ಕೀತೇ? ಸಾಲನ್ನು ತುಂಬಿದ ಪಾಠದಲ್ಲಿ ಇದಕ್ಕೆ ಕಾಲೂರಲು ಎಡೆಯೇ ಇಲ್ಲ.

151ನೆಯ ಕೀರ್ತನೆಯ ವಿಷಯದಲ್ಲಿ ಗ್ರೀಕ್ ಪರಂಪರೆ ಹೆಚ್ಚು ಪ್ರಾಮಾಣಿಕ. ಅದರ ತಲೆಬರಹ ದಾವೀದನನ್ನೇ ಕರ್ತೃವೆಂದು ಹೇಳಿದರೂ, ಎಣಿಕೆಯ ಹೊರಗಿನದೆಂದು ಒಪ್ಪಿಕೊಳ್ಳುತ್ತದೆ.

ನಮ್ಮ ಸಂಗೀತ ಪುಸ್ತಕಗಳೂ ವಿಷಯಾನುಕ್ರಮದವು. ಅವನ್ನು ಪರಿಷ್ಕರಿಸಲು ಕುಳಿತವರಿಗೆ ಯಾವುದೋ ಶೀರ್ಷಿಕೆಯಡಿ ಹಾಡು ಸಾಲದೆಂಬ ಚಿಂತೆ ಬಂದೇ ಬರುತ್ತದೆ. ರಾಗಿಯ ಕೊಯ್ಲಿಗೆ ತಕ್ಕ ಸ್ತೋತ್ರವಿಲ್ಲದಿದ್ದರೆ ಬರೆಯಲಿ. ಅಡಿಯಲ್ಲಿ ಬರೆದವರ ಹೆಸರು, ವರ್ಷ ಅಚ್ಚಾಗಲಿ. ಹಳೆಯ ಕೀರ್ತನಕಾರನ ಮೂರು ಚರಣಗಳಿಗೆ ನಾಲ್ಕನೆಯದನ್ನು ಕೂಡಿಸಿದ್ದರೆ ನಡುವೆ ಒಂದು ಗೆರೆಯಾದರೂ ಇರಲಿ.