ಕ್ಯಾಲಿಫೋರ್ನಿಯಾ ಎಂಬ ಇಟಲಿಯ ಗಾಡಿ
ಇಟಲಿಯ ಕೊಮೊ ಸರೋವರದ ದಡದಲ್ಲಿ 1921ರಿಂದ ಬೈಕ್ ತಯಾರಿಸುತ್ತಿರುವ ಮೋಟೊ ಗುಝಿಯ ‘ಕ್ಯಾಲಿಫೋರ್ನಿಯಾ 1400’ ಕ್ರೂಸರ್‌ಗಳಲ್ಲೇ ನನಗೆ ಅಚ್ಚುಮೆಚ್ಚು. ಟ್ಯಾಂಕಿನ ಎರಡೂ ಬದಿಗೆ ಒಂದೊಂದು ಸಿಲಿಂಡರ್ ಪೈಲ್ವಾನನ ಭುಜದಂತೆ ಉಬ್ಬಿ ನಿಂತಿದೆ. ಅವಕ್ಕೆ ಜಾಗ ಬಿಡಲು ಟ್ಯಾಂಕಿನ ಅಂಚು ಒಳಕ್ಕೆ ಬಾಗಿದೆ. ಎದುರುಗಾಳಿ ಎರಡಕ್ಕೂ ಸಮನಾಗಿ ತಾಗುತ್ತದೆ. ಕ್ರ್ಯಾಂಕ್‌ಶಾಫ್ಟ್ ಗಾಡಿಯ ಉದ್ದಕ್ಕೆ ಇರುವುದರಿಂದ, ನಿಂತಲ್ಲೇ ಆಕ್ಸಿಲರೇಟರ್ ತಿರುವಿದರೆ ಇಡೀ ಬೈಕ್ ಮೆಲ್ಲಗೆ ಬಲಕ್ಕೆ ವಾಲುತ್ತದೆ. ಆ ಮೈಕುಲುಕು ನನಗೆ ಬಲು ಇಷ್ಟ!

1380 ಸಿಸಿ ಎಂಜಿನ್ನಿನ 120 ನ್ಯೂಟನ್ ಮೀಟರ್ ಟಾರ್ಕ್ 2750 ಆರ್‌ಪಿಎಂನಲ್ಲೇ ಕೈಗೆ ಸಿಗುತ್ತದೆ. ಪದೇಪದೇ ಗೇರ್ ಇಳಿಸುವ ಗೋಜಿಲ್ಲ. ಚೈನ್ ಬದಲು ಶಾಫ್ಟ್ ಇರುವುದರಿಂದ ಎಣ್ಣೆ ಹಚ್ಚುವ, ಬಿಗಿ ಮಾಡುವ ಕೆಲಸವೂ ತಪ್ಪಿತು. ತೂಕ 300 ಕಿಲೋ ದಾಟುತ್ತದೆ, ನಿಜ. ಆದರೂ ದೂರದ ದಾರಿಗೆ ಇದಕ್ಕಿಂತ ಚೆಲುವಾದ ಯಂತ್ರ ನನಗೆ ಕಂಡಿಲ್ಲ.