ಭೀಮಸೇನ ಜೋಶಿಯವರ ಚಿತ್ರಗೀತೆಗಳು: ಒಂದು ಜಾನಪದೀಯ ಅವಲೋಕನ

ಪಂಡಿತ ಭೀಮಸೇನ ಜೋಶಿಯವರನ್ನು (1922-2011) ಕುರಿತ ಬರಹಗಳಿಗೆ ಒಂದು ಸಿದ್ಧ ಜಾಡಿದೆ. ಗದಗಿನ ಬಾಲ್ಯ, ಗುರುವನ್ನರಸಿ 1933ರಲ್ಲಿ ಮನೆ ತೊರೆದದ್ದು, ಕುಂದಗೋಳದ ಸವಾಯಿ ಗಂಧರ್ವರಲ್ಲಿ ಪಡೆದ ಕಿರಾನಾ ಘರಾನೆಯ ಶಿಕ್ಷಣ, 2008ರಲ್ಲಿ ಘೋಷಣೆಯಾದ ಭಾರತರತ್ನ - ಇವು ಅದರ ಮೈಲಿಗಲ್ಲುಗಳು. ಅವರ ಚಿತ್ರಗೀತೆಗಳಿಗೆ ಮಾತ್ರ ಅಲ್ಲಿ ಅಡಿಟಿಪ್ಪಣಿಯ ಸ್ಥಾನ. ಶಾಸ್ತ್ರೀಯವಾದುದು ಮೇಲು, ಉಳಿದುದು ಕೀಳು ಎಂಬ ಶ್ರೇಣೀಕರಣ ಇದರ ಹಿಂದಿದೆ. ಮೋಮಿನಪುರ, ಬ್ರಹ್ಮಪುರಗಳಂತಹ ಬಡಾವಣೆಗಳುಳ್ಳ ಕಲಬುರಗಿಯಲ್ಲಿ ಬಂದೇನವಾಜರ ದರ್ಗಾದ ಕವ್ವಾಲಿಯೂ ದಾಸರ ಪದವೂ ತತ್ವಪದವೂ ಒಂದೇ ಊರಿನ ಕಿವಿಗೆ ಬೀಳುತ್ತವೆ. ಇಂತಹ ಕೇಳ್ಮೆಯ ಪರಂಪರೆಯಿಂದ ನೋಡಿದಾಗ ಈ ಶ್ರೇಣೀಕರಣ ಪ್ರಶ್ನಾರ್ಹವೆನಿಸುತ್ತದೆ.

1956ರ ಹಿಂದಿ ಚಿತ್ರ 'ಬಸಂತ್ ಬಹಾರ್'ಗೆ ಮೂಲ ತ.ರಾ.ಸು. ಅವರ 'ಹಂಸಗೀತೆ' ಕಾದಂಬರಿ. ಚಿತ್ರದುರ್ಗದ ಕರ್ನಾಟಕ ಸಂಗೀತಗಾರನ ಕಥೆ ಅಲ್ಲಿ ಹಿಂದೂಸ್ತಾನಿ ಗಾಯಕನ ಕಥೆಯಾಯಿತು. ಶಂಕರ್-ಜೈಕಿಶನ್ ಸಂಗೀತದಲ್ಲಿ ಜೋಶಿ ಮತ್ತು ಮನ್ನಾ ಡೇ ಹಾಡಿದ ಸ್ಪರ್ಧೆಯ ಗೀತೆಯಲ್ಲಿ ಗೆಲುವು ಕಥಾನಾಯಕನದು, ಅಂದರೆ ಮನ್ನಾ ಡೇ ಕಂಠದ್ದು. ಇದನ್ನು ಶಾಸ್ತ್ರೀಯತೆಯ ಮೇಲೆ ಸಿನಿಮಾದ ವಿಜಯವೆಂದು ಬಗೆಯುವುದು ಸರಳೀಕರಣ. ಮನ್ನಾ ಡೇ ಅವರೂ ಉಸ್ತಾದರಲ್ಲಿ ತಾಲೀಮು ಪಡೆದವರು. ತೀರ್ಪು ಕಥೆಯದೇ ಹೊರತು ಸಂಗೀತದ್ದಲ್ಲ.

ಹೆಚ್ಚು ಗಮನಾರ್ಹವಾದುದು ಅ.ನ.ಕೃ. ಅವರ ಕಾದಂಬರಿಯನ್ನಾಧರಿಸಿದ 'ಸಂಧ್ಯಾರಾಗ' (1966). ಜಿ.ಕೆ. ವೆಂಕಟೇಶ್ ಸಂಗೀತದ ಈ ಚಿತ್ರದಲ್ಲಿ ನಾದದೇವತೆಯನ್ನು ಕುರಿತ ಒಂದೇ ಗೀತೆಯನ್ನು ಭೀಮಸೇನ ಜೋಶಿ, ಬಾಲಮುರಳಿಕೃಷ್ಣ ಹಾಗೂ ಎಸ್. ಜಾನಕಿ ಬೇರೆಬೇರೆಯಾಗಿ ಹಾಡಿದ್ದಾರೆ. ಹಿಂದೂಸ್ತಾನಿ, ಕರ್ನಾಟಕ, ಸಿನಿಮಾ - ಹೀಗೆ ಮೂರು ಹಿನ್ನೆಲೆಯ ಕಂಠಗಳು. ಜಾನಪದ ಅಧ್ಯಯನದ ಪರಿಭಾಷೆಯಲ್ಲಿ ಹೇಳುವುದಾದರೆ ಇವು ಒಂದೇ ಪಠ್ಯದ ಮೂರು ಪ್ರದರ್ಶನ ಪಾಠಗಳು. ಇವುಗಳಲ್ಲಿ ಮೂಲಪಾಠ ಯಾವುದೆಂದು ಕೇಳುವುದು ನಿರರ್ಥಕ. ಪ್ರತಿ ಗಾಯನವೂ ಸ್ವತಂತ್ರ.

ಈ ಅಂಶ ನಮಗೆ ಏಕೆ ಮುಖ್ಯ? ಧ್ವನಿಮುದ್ರಣಕ್ಕೆ ಒಂದು ಧಾಟಿಯನ್ನೇ ಸ್ಥಿರಗೊಳಿಸುವ ಶಕ್ತಿಯಿದೆ. ಜೋಶಿಯವರು ಹಾಡಿದ ದಾಸರ ಪದಗಳು ಮನೆಮಾತಾದಾಗ ಆ ಪದಗಳಿಗೆ ಹೊಸ ಕೇಳುಗರು ದೊರೆತರು. ಆದರೆ ಪ್ರಸಿದ್ಧ ಧಾಟಿಯೇ ಪ್ರಮಾಣವೆಂದಾದರೆ ಊರೂರಿನ ಭಜನೆಯ ಮಟ್ಟುಗಳು ಹಿಂದೆ ಸರಿಯುವ ಅಪಾಯವೂ ಉಂಟು. ಪಾಠಾಂತರವನ್ನು ಅಳಿಸಬಲ್ಲ ಅದೇ ಮಾಧ್ಯಮ 'ಸಂಧ್ಯಾರಾಗ'ದಲ್ಲಿ ಪಾಠಾಂತರವನ್ನು ಉಳಿಸಿದೆ. ದೋಷವಿರುವುದು ಯಂತ್ರದಲ್ಲಲ್ಲ, ಒಂದನ್ನೇ ಆರಿಸಿಕೊಳ್ಳುವ ನಮ್ಮ ರೂಢಿಯಲ್ಲಿ.

ಚಿತ್ರಗೀತೆಯ ಮಿತಿಯನ್ನೂ ಮರೆಯಲಾಗದು. ಖ್ಯಾಲಿನ ವಿಲಂಬಿತ ವಿಸ್ತಾರಕ್ಕೆ ಕೆಲವು ನಿಮಿಷಗಳಲ್ಲಿ ಎಡೆಯಿಲ್ಲ. ಆದರೂ ಅಮೋಲ್ ಪಾಲೇಕರರ 'ಅನ್‌ಕಹೀ' (1985) ಚಿತ್ರದಲ್ಲಿ, ಜೈದೇವ್ ಸಂಗೀತದಲ್ಲಿ, ಜೋಶಿ ಹಾಡಿದ್ದು ಸ್ಪರ್ಧೆಯ ಗೀತೆಯನ್ನಲ್ಲ, ಭಜನೆಯನ್ನು. ಅದಕ್ಕೆ ರಾಷ್ಟ್ರೀಯ ಹಿನ್ನೆಲೆ ಗಾಯಕ ಪ್ರಶಸ್ತಿಯೂ ಸಂದಿತು. ವಾದಕ್ಕಿಳಿದ ಕಂಠ ಮೂರು ದಶಕಗಳಲ್ಲಿ ನಿವೇದನೆಗೆ ತಲುಪಿತ್ತು.

ಆದ್ದರಿಂದ ಈ ಗೀತೆಗಳನ್ನು ಜೋಶಿಯವರ ಗಾಯನದ ಉಪಫಲವೆಂದು ಬದಿಗಿಡದೆ, ರಾಗವು ಜನಸಾಮಾನ್ಯರೆಡೆಗೆ ನಡೆದ ದಾರಿಯ ದಾಖಲೆಗಳೆಂದು ಪರಿಗಣಿಸಬೇಕು. ಅವುಗಳ ಜೊತೆಗೇ ಭಜನಾ ಮೇಳಗಳ ಧಾಟಿಗಳನ್ನೂ ಸಂಗ್ರಹಿಸಿ ತೌಲನಿಕವಾಗಿ ಆಲಿಸಿದಾಗಲೇ ನಮ್ಮ ಸಂಗೀತ ವಿಮರ್ಶೆ ಪೂರ್ಣವಾದೀತು.