ಗಣೆಯ ಉಸಿರು ಕೆಡದಂತೆ

ಸಿರಾ, ಪಾವಗಡದ ಕಡೆ ಕಾಡುಗೊಲ್ಲರ ಹಟ್ಟಿಗಳಲ್ಲಿ ಅವರ ದೈವ ಜುಂಜಪ್ಪನ ಹಾಡಿಗೆ ಜೊತೆಯಾಗುವುದು ಗಣೆ, ಉದ್ದನೆಯ ಬಿದಿರ ಕೊಳಲು. ಅದರಲ್ಲಿ ಸ್ವರದಷ್ಟೇ ಉಸಿರೂ ಕೇಳಬೇಕು. ಶೀಟಿನ ಮನೆಯಲ್ಲಿ ಮೊಬೈಲಿಗೆ ಹಿಡಿದರೆ 3 ಕಿಲೋಹರ್ಟ್ಸ್ ಆಸುಪಾಸು ಚುಚ್ಚತೊಡಗುತ್ತದೆ. ನಮ್ಮ ಕಿವಿ ಅತಿ ಚುರುಕಾಗಿರುವುದೂ ಅಲ್ಲೇ.

ಈ ಚುಚ್ಚುವ ದನಿಯನ್ನು ಪಳಗಿಸುವ ಧ್ವನಿ ತಂತ್ರಜ್ಞರ ಕೈಚಳಕಕ್ಕೆ ನಾನಂತೂ ಮಾರುಹೋಗಿದ್ದೇನೆ. ಈಕ್ವಲೈಜರಿನಲ್ಲಿ, ಅಂದರೆ ಈಕ್ಯೂನಲ್ಲಿ, ಕಿರಿದಾದ ಒಂದು ಆವರ್ತನ ಪಟ್ಟಿಯನ್ನು ಏರಿಸಿ ಮೆಲ್ಲಗೆ ಅತ್ತಿತ್ತ ಸರಿಸುತ್ತಾರೆ. ಕಿರುಚುವ ಜಾಗ ಸಿಕ್ಕಿತೋ, ಅಲ್ಲಷ್ಟೇ 2 ಡೆಸಿಬಲ್ ಇಳಿಕೆ. ಅದೂ ಡೈನಾಮಿಕ್ ಈಕ್ಯೂನಲ್ಲಿ, ದನಿ ಏರಿದಾಗ ಮಾತ್ರ. ಹಾಡುಗಾರನ ಚುಚ್ಚುವ ‘ಸ’ಕಾರವನ್ನು ತಗ್ಗಿಸಲು ಡಿ-ಎಸ್ಸರ್ ಬೇರೆ. ಕೈ ಸ್ವಲ್ಪ ಜೋರಾದರೆ ಗಣೆ ಕಂಬಳಿ ಹೊದ್ದು ಕೂತಂತೆ!

ನಡುನಡುವೆ ಹೆಡ್‌ಫೋನ್ ಕಳಚಿ ಸುಮ್ಮನೆ ಕೂರುತ್ತಾರೆ. ದಣಿದ ಕಿವಿಯ ತೀರ್ಪನ್ನು ಅವರು ನಂಬುವುದಿಲ್ಲ.